ಕರಗದ ಎತ್ತು

“ಗಡಿಯಾರ ನೋಡ್ರಿ ಹವಾಲ್ದಾರ್ರ. ಕಣ್ಣು ಅದರ ಮ್ಯಾಲ ಇರ್ಲಿ, ನನ್ನ ಮ್ಯಾಲ ಬ್ಯಾಡ.”

ಮುಂಜಾನೆ ಆರಕ್ಕ, ಇನ್ನೂ ಚಾ ಸುದ್ದಾ ಕುಡಿದಿಲ್ಲ, ನಮ್ಮ ಠಾಣೆ ಹಿತ್ತಲದಾಗ ನಿಂತು ನನಗ ಹಿಂಗ ಅಂದವ್ರು ಅಖ್ತರುನ್ನೀಸಾ ಅಕ್ಕೋರು. ಸವಣೂರಿನ ಸಾಲ್ಯಾಗ ವಿಜ್ಞಾನ ಹೇಳತಾರ. ಇಪ್ಪತ್ತೆರಡು ವರ್ಷ ಖಾಕಿ ಹಾಕ್ಕೊಂಡೀನಿ, ಕಣ್ಣು ಎಲ್ಲಿಡಬೇಕು ಅಂತ ಈ ಉಡಚಪ್ಪಗ ಯಾರೂ ಹೇಳಿದ್ದಿಲ್ಲ. ಸಿಟ್ಟು ಬಂತು. ಆದ್ರ ಅವರ ತಮ್ಮ ಮಜೀದ ಒಳಗ ಲಾಕಪ್‌ನ್ಯಾಗ ಇದ್ದ. ಅದಕ್ಕ ಸುಮ್ನ ಗಡಿಯಾರ ನೋಡಿದೆ.

ಹದಿನಾಲ್ಕು ದಿನದ ಹಿಂದ ಅಕ್ಕಿಆಲೂರಿನ್ಯಾಗ ಪರಮೇಶಪ್ಪ ಸಾವಕಾರನ ಪ್ಲಾಸ್ಟಿಕ್ ಕೊಡ ಮಾಡೋ ಶೆಡ್ಡು ಸುಟ್ಟಿತ್ತು. ಅಚ್ಚಿನ ಮಶೀನ್ ನಡಸ್ತಿದ್ದ ಗೋಣೆಪ್ಪ ಒಳಗ ಸತ್ತ, ಬೆಂಕಿ ಹತ್ತಿದ್ದು ಮಜೀದ ಮಾಡಿದ ಹಾಳು ವೈರಿಂಗಿನಿಂದ ಅಂತ ಕೇಸು.

ಅಕ್ಕೋರು ಇಕ್ಕಳದಾಗ ನೀಲಿ ಪಟ್ಟಿ ಒಂದನ್ನ ಹಿಡದು ಸ್ಪಿರಿಟ್ ದೀಪದ ಮ್ಯಾಲ ಇಟ್ರು. ಒಡದ ಕೊಡದ್ದು ಅದು. ಹತ್ತು ಎಣಸೂದ್ರೊಳಗ ಹತ್ಕೊಂಡ್ತು. ಸೊಟ್ಟಾತು, ಕರಗಿ ಟಪ್ ಟಪ್ ಅಂತ ಹನಿ ಬಿತ್ತು. ಒಂದೊಂದು ಹನಿನೂ ಉರ್ಕೋತನ ನೆಲಕ್ಕ ಬಿದ್ದು ಹುಲ್ಲು ಹಚ್ಚಿತು. ನಾ ಬೂಟಿನಿಂದ ತಿಕ್ಕಿ ಆರಿಸಿದೆ.

“ಎಷ್ಟಾತು?”

“ಒಂದು ನಿಮಿಷಾನೂ ಆಗಿಲ್ರಿ.”

“ಈಗ ಇದು.”

ಎರಡನೇ ಪಟ್ಟಿ ಕಂದು ಬಣ್ಣದ್ದು. ಸುಟ್ಟ ಶೆಡ್ಡಿನ ಬೂದ್ಯಾಗ ಸಿಕ್ಕ ಸ್ವಿಚ್ ಬೋರ್ಡಿನ ಡಬ್ಬಿಯಿಂದ ಕತ್ತರಿಸಿದ್ದು. ಉಳದ ಪ್ಲಾಸ್ಟಿಕ್ ಎಲ್ಲಾ ಕರಗಿ ನೆಲಕ್ಕ ಹತ್ತಿದಾಗ ಆ ಡಬ್ಬಿ ಒಂದ ಗೋಡಿ ಮ್ಯಾಲ ನಿಂತಿತ್ತು. ದೀಪದ ಮ್ಯಾಲ ಇಟ್ರ ಅದು ಲಗೂ ಹತ್ತಲಿಲ್ಲ. ಹತ್ತಿದ ಮ್ಯಾಲೂ ಸಣ್ಣ ಉರಿ. ಹನಿ ಬೀಳಲಿಲ್ಲ. ಮ್ಯಾಲಿನ ಮೈ ಕರ್ರಗ ಉಬ್ಬಿ, ಹಂಚಿನ ಮ್ಯಾಲ ಹೊತ್ತಿದ ರೊಟ್ಟಿ ಹಂಗ ಚಕ್ಕಳಾತು. ದೀಪ ತಗದ ಮ್ಯಾಲ ಉರಿ ಸ್ವಲ್ಪ ಹೊತ್ತು ಅಂಚಿನ್ಯಾಗ ತಡಕಾಡಿ ತಾನ ಆರಿತು. ಅಕ್ಕೋರು ಚಾಕುಲೆ ಚಕ್ಕಳಾ ಕೆರದು ತೋರ್ಸಿದ್ರು. ಅದರ ಕೆಳಗ ಪಟ್ಟಿ ಹಂಗ ಇತ್ತು, ಕಂದು, ಗಟ್ಟಿ.

ನನ್ನ ಕೈಯಾಗಿನ ಗಡಿಯಾರ ನೋಡೂದ ಮರತಿದ್ದೆ.

“ಸುಡೂದಿಲ್ಲ ಅಂತ ತಿಳ್ಕೋಬ್ಯಾಡ್ರಿ,” ಅಂದ್ರು ಅಕ್ಕೋರು. “ಸುಡತೈತಿ. ತಡಾ ಮಾಡಿ ಸುಡತೈತಿ. ಇದರಾಗ ಮಣ್ಣು ಐತಿ.”

“ಮಣ್ಣ?”

“ಕೆರಿ ಮಣ್ಣು. ಬರೇ ಮಣ್ಣು ಕಲಿಸಿದ್ರ ಪ್ಲಾಸ್ಟಿಕ್ಕಿಗೆ ಅದು ಹೊಂದೂದಿಲ್ಲ, ಹೆಂಟಿ ಹೆಂಟಿ ಆಗಿ ಕುಂದರತೈತಿ. ಇದನ್ನ ಯಾರೋ ಏನೋ ಹಾಕಿ ಹದಾ ಮಾಡ್ಯಾರ. ಹಂಗ ಮಾಡಿದ ಮಣ್ಣು ಪದರು ಪದರು ಬಿಚ್ಚಿ, ಕಣ್ಣಿಗೆ ಕಾಣದಷ್ಟು ತೆಳ್ಳಗ, ಪ್ಲಾಸ್ಟಿಕ್ಕಿನ ತುಂಬ ಹರಡತೈತಿ. ಬೆಂಕಿ ತಾಕಿದಾಗ ಮ್ಯಾಲಿಂದು ಸುಟ್ಟು ಹೋಗಿ ಮಣ್ಣು ಅಲ್ಲೇ ಉಳೀತೈತಿ. ಕೆಂಡದ ಮ್ಯಾಲ ಬೂದಿ ಮುಚ್ಚಿದಂಗ. ಒಳಗ ಗಾಳಿ ಹೋಗೂದಿಲ್ಲ, ಉರಿ ಹೋಗೂದಿಲ್ಲ.”

ನಿನ್ನೆ ಇವೆರಡೂ ಪಟ್ಟಿಗೆ ಕಲ್ಲು ಕಟ್ಟಿ ಕುದಿಯೋ ನೀರಾಗ ಇಳಿಬಿಟ್ಟಿದ್ರಂತ. ನೀಲಿದು ಬಾಗಿ ಜೋತು ಬಿತ್ತು, ಕಂದುದು ನೆಟ್ಟಗ ಇತ್ತು. ಹದಿನೈದು ವರ್ಷ ವಿಜ್ಞಾನ ಹೇಳಿದವ್ರು ಇದನ್ನೆಲ್ಲಾ ಹೇಳುವಾಗ ಧ್ವನಿ ಸಣ್ಣದು ಮಾಡಿದ್ರು. “ಇಂಥಾದ್ದನ್ನ ನಾ ಯಾವ ಪುಸ್ತಕದಾಗೂ ಓದಿಲ್ರಿ,” ಅಂದ್ರು.

ಆಮ್ಯಾಲ ಡಬ್ಬಿ ತಗದು ತೋರ್ಸಿದ್ರು. ಹೊರಗಿನ ಮೈ, ಅದೂ ಬಾಗಲಾ ಕಡೆದು, ಕರ್ರಗ ಸುಟ್ಟಿತ್ತು. ಒಳಗ ವೈರಿನ ಕೆಂಪು ಹಳದಿ ಹೊದಿಕಿ ಮೆತ್ತಗಾಗಿತ್ತು, ಅಷ್ಟ. ಬೆಂಕಿ ವೈರಿನಿಂದ ಹುಟ್ಟಿದ್ರ ಮೊದಲ ಹೋಗಬೇಕಾದ್ದು ಅದ. ಬೆಂಕಿ ಬಾಗಲಾ ಕಡೆಯಿಂದ ಬಂದಿತ್ತು. ಮಜೀದಂದು ಏನೂ ತಪ್ಪಿಲ್ಲ. ನನ್ನಂಥ ಮೊಂಡಗೂ ತಿಳೀತು.

ಫೌಜದಾರ ಸಾಹೇಬ್ರು ಹಿತ್ತಲ ಬಾಗಲದಾಗ ನಿಂತು ಎಲ್ಲಾ ನೋಡಿದ್ರು.

“ಚಲೋ ಐತ್ರಿ ಅಕ್ಕೋರ. ಆದ್ರ ತನ್ನ ಶೆಡ್ಡಿನ ಬೋರ್ಡಿಗೆ ಇಂಥಾ ಡಬ್ಬಿ ಇದ್ದಿಲ್ಲ, ಇದನ್ನ ಆಮ್ಯಾಲ ಯಾರೋ ತಂದು ಇಟ್ಟಾರ ಅಂತಾನ ಸಾವಕಾರ. ಈ ಪ್ಲಾಸ್ಟಿಕ್ ತಾನ ಕಂಡುಹಿಡದದ್ದು, ಪರದೇಶದ ಪುಡಿ ಹಾಕಿ ಅಂತಾನ. ಅಲ್ಲ ಅನ್ನಾಕ ಮಾಡಿದಾಂವ ಬೇಕಲ್ರಿ. ಅಂವ ಗೋಣೆಪ್ಪ ಅಂತ ಮಜೀದ ಅಂತಾನ. ಅಂವ ಸತ್ತಾನ.”

“ಮಾಡೋ ರೀತಿ ಗೊತ್ತಿದ್ದವ್ರು ಯಾರಾರ ಸಿಕ್ಕರ?”

“ನಾಳೆ ಹನ್ನೊಂದರೊಳಗ ತರ್ರಿ. ನಾಳೆಗೆ ಕಸ್ಟಡಿ ಮುಗೀತೈತಿ. ಕೋರ್ಟಿನಿಂದ ಮಜೀದ ಹೊಳ್ಳಿ ಮನಿಗೆ ಬರೂದಿಲ್ಲ, ಜೈಲಿಗೆ ಹೋಗತಾನ. ಮನಷ್ಯಾ ಸತ್ತ ಕೇಸು ಇದು.” ನನ್ನ ಕಡೆ ಹೊಳ್ಳಿದ್ರು. “ಉಡಚಪ್ಪಾ, ಇವರ ಜೋಡಿ ಗೋಣೆಪ್ಪನ ಊರಿಗೆ ಹೋಗಿ ಬಾ.”

ಅಕ್ಕೋರು ಲಾಕಪ್ಪಿನ ಸರಳಿನ ಹತ್ರ ಹೋಗಿ ತಮ್ಮಗ ಏನೋ ಅಂದ್ರು. ಮಜೀದ ತೆಲಿ ಎತ್ತಲಿಲ್ಲ. ಹದಿನಾಲ್ಕು ದಿನದಾಗ ಅಂವ ತನ್ನ ಕೈಕೆಲಸಾನ ಸಂಶೆ ಪಡೋ ಹಂಗ ಆಗಿದ್ದ. “ನಾ ಎಲ್ಲ್ಯಾರ ತಿರುಪು ಸಡ್ಲ ಬಿಟ್ಟಿದ್ದೆನೇನು ಅಕ್ಕಾ,” ಅಂದಿದ್ದು ನನಗೂ ಕೇಳ್ತು. ಪಂಚನಾಮಾ ಬರದಾಂವ ನಾನ.

ಶಿಗ್ಗಾಂವಿ ಬಸ್ಸಿನ್ಯಾಗ ಅಕ್ಕೋರು ಅದನ್ನ ಕೇಳಿದ್ರು.

“ಹೆಣದ ಗುರ್ತು ಹಿಡದವ್ರು ಯಾರ್ರಿ?”

“ಸಾವಕಾರ. ಮುಖಾ ಮೈ ಏನೂ ಉಳದಿದ್ದಿಲ್ರಿ. ನಡದಾಗ ಬೆಳ್ಳಿ ಉಡದಾರ ಇತ್ತು. ಗೋಣೆಪ್ಪಂದು ಅಂದ, ನಾ ಬರಕೊಂಡೆ.”

“ಹೇಣ್ತಿಗೆ ತೋರ್ಸಲಿಲ್ಲೇನು?”

“ಆ ಹೆಣ್ಮಗಳಿಗೆ ಅದನ್ನ ಹೆಂಗ ತೋರ್ಸೂದು ಅಂತ...”

ಅಕ್ಕೋರು ಕಿಡಕಿ ಹೊರಗ ನೋಡ್ಕೋತ ಕುಂತ್ರು. ಬೈದಿದ್ರ ಚಲೋ ಇತ್ತು.

ಹಿರೇಬೆಂಡಿಗೇರ್ಯಾಗ ಇಳದಾಗ ಹನ್ನೊಂದು ಹೊಡೀತು. ಗೋಣೆಪ್ಪನ ಮನಿ ಕೇಳೂಣು ಅಂದ್ರ ಓಣ್ಯಾಗ ಒಂದು ನರಪಿಳ್ಳಿ ಇಲ್ಲ. ಊರಿಗೂರ ಕೆರಿ ದಂಡ್ಯಾಗ ಇತ್ತು. ಊದಿನಕಡ್ಡಿ ವಾಸನಿ, ಒಡದ ಕಾಯಿ, ಭಂಡಾರ. ನಾ ಜಗಳ ಹತ್ತೇತಿ ಅಂತ ತಿಳದು ಲಾಠಿ ಎತ್ತಿದ್ದೆ, ಹೊಳ್ಳಿ ಇಳಿಸಿದೆ.

“ಕಾಲ್ಮರಿ ಬಿಟ್ಟು ಬರ್ರಿ ಹವಾಲ್ದಾರ್ರ,” ಅಂದ್ಲು ಮುಂದ ಕುಂತಿದ್ದ ಮುದುಕಿ. ಭರಮವ್ವ ಅಂತ ಹೆಸರು, ಊರಾಗ ಆಕಿ ಮಾತು ನಡೀತಿತ್ತು. “ಬಸವಣ್ಣ ನೀರಾಗ ನಿಂತಾನ.”

ಬೂಟು ಕಳದು ಹೋಗಿ ಬಗ್ಗಿ ನೋಡಿದೆ.

ಶುಕ್ರವಾರ ಮಣ್ಣೆತ್ತಿನ ಅಮಾಸಿ ಇತ್ತು. ಮನಿ ಮನಿಯಿಂದ ಪೂಜಿ ಮಾಡಿದ ಎತ್ತು ತಂದು ಕೆರಿಗೆ ಬಿಟ್ಟಿದ್ರು. ಮಣಕಾಲುದ್ದ ತಿಳಿ ನೀರಿನ ಕೆಳಗ ಊರ ಎತ್ತೆಲ್ಲಾ ಕರಗಿ ಕೆಸರಾಗಿ ಬಿದ್ದಿದ್ವು, ಅಲ್ಲೊಂದು ಗುಲಗಂಜಿ ಕಣ್ಣು, ಇಲ್ಲೊಂದು ಜ್ವಾಳದ ಕಾಳು. ಆ ಕೆಸರಿನ ನಡುವ ಒಂದ ಒಂದು ಎತ್ತು ನಿಂತಿತ್ತು. ಕೊಂಬು, ಡುಬ್ಬ, ಬಾಲ, ಕೊಳ್ಳಾಗಿನ ಗೆಜ್ಜಿ ಸರದ ಗೆರಿ, ಒಂದೂ ಅಳದಿದ್ದಿಲ್ಲ. ಮೂರು ದಿನ ನೀರಾಗ. ಮೀನದ ಮರಿ ಅದರ ಕಾಲ ಸಂದ್ಯಾಗ ಓಡ್ಯಾಡತಿದ್ವು.

ನಾ ಟೊಪಗಿ ತಗದೆ. ಯಾಕ ತಗದೆ ಅಂತ ಕೇಳಬ್ಯಾಡ್ರಿ. ಮೈ ಝುಂ ಅಂತು, ಕೈ ತಾನ ಮುಗೀತು.

ಬಾಜೂಕ ಅಕ್ಕೋರೂ ಉಸರು ಬಿಡದ ನೋಡಾಕತ್ತಿದ್ರು. “ಸುಬ್ಹಾನಲ್ಲಾ,” ಅಂದ್ರು ಮೆಲ್ಲಕ. ಕಣ್ಣಾಗ ನೀರಿತ್ತು. ಆಮ್ಯಾಲ ಭರಮವ್ವನ ಮುಂದ ಕುಂತು ಕೇಳಿದ್ರು, “ಯವ್ವಾ, ನಾ ಇದನ್ನ ಮುಟ್ಟಬಹುದೇನು?”

ಮಂದಿ ಗುಜುಗುಜು ಅಂದ್ರು. ಭರಮವ್ವ ಗುಜುಗುಜು ಅಂದವ್ರನ್ನ ಅಡ್ಡಡ್ಡ ನೋಡಿದ್ಲು. “ಮುಟ್ಟಿದ್ರ ಕರಗತೈತೇನು? ತಗೀ ತಂಗಿ. ನೀರಿಗೆ ಹೆದರದ್ದು ನಿನಗ ಹೆದರತೈತೇನು.”

ಅಕ್ಕೋರು ಸೀರಿ ಎತ್ತಿ ಕಟ್ಟಿ ನೀರಾಗ ಇಳದು ಎರಡೂ ಕೈಲೆ ಎತ್ತನ್ನ ಎತ್ತಿದ್ರು. ಕೆಸುವಿನ ಎಲಿ ಮ್ಯಾಲಿಂದ ಜಾರಿದಂಗ ನೀರು ಜಾರಿ ಹೋತು. ಮೈ ಒಣಾ. ಮೂಗಿಗೆ ಹಿಡದ್ರ ಕುಸುಬಿ ಎಣ್ಣಿ ವಾಸನಿ.

“ಹದಾ ಮಾಡಿದ ಮಣ್ಣು ನೀರು ಒಲ್ಲೆ ಅಂತೈತಿ, ಎಣ್ಣಿ ಬೇಕಂತೈತಿ,” ಅಂದ್ರು ನನಗಷ್ಟ ಕೇಳೋ ಹಂಗ. “ಅದಕ್ಕ ಮಾಡಿದಾಂವ ಎಣ್ಣ್ಯಾಗ ಮಿದ್ದ್ಯಾನ. ನಮ್ಮ ಎಂದಿನ ಮಣ್ಣು ಎಣ್ಣಿ ಹಾಕಿ ಮಿದ್ದಿದ್ರೂ ಮೂರು ದಿನಾ ಹಿಂಗ ನಿಲ್ತಿದ್ದಿಲ್ಲ. ಡಬ್ಬ್ಯಾಗ ಇದ್ದದ್ದು ಇದ ಮಣ್ಣು.”

“ಯಾರ ಮನಿ ಎತ್ತಬೇ ಇದು?” ನಾ ಭರಮವ್ವನ್ನ ಕೇಳಿದೆ.

“ದುರಗವ್ವಂದು. ಗೋಣೆಪ್ಪನ ಹೇಣ್ತಿ. ಸತ್ತ ಮನ್ಯಾಗ ವರ್ಷತನಕ ಹಬ್ಬ ಮಾಡೂದಿಲ್ಲಪಾ. ಈಕಿ ಹನ್ನೊಂದು ದಿನಕ್ಕ ಎತ್ತು ಪೂಜಿ ಮಾಡಿ ತಂದು ಬಿಟ್ಲು. ದುಕ್ಕಕ್ಕ ತೆಲಿ ತಿರಗೇತಿ ಅಂತ ನಾವ್ಯಾರೂ ಏನೂ ಅನ್ನಲಿಲ್ಲ. ಈಗ ನೋಡಿದ್ರ ಹಿಂಗ. ಇಣುಕಿ ನೋಡು, ಡುಬ್ಬದ ಮ್ಯಾಲ ಒತ್ತಿದ್ದು ಗೋಣೆಪ್ಪನ ಹೆಬ್ಬಟ್ಟು. ಮಶೀನಿನ್ಯಾಗ ತುದಿ ಹೋಗಿತ್ತಲ್ಲ, ಉಗರಿಲ್ಲದ್ದು. ಸಾಯೂಕಿಂತ ಮೊದಲ ಮಾಡಿಟ್ಟಿದ್ನೇನೋ, ಪುಣ್ಯಾತ್ಮ.”

“ಜೋಡಿ ಇರಬೇಕಲ್ಲಬೇ. ಒಂದ ಐತಿ.”

“ಎರಡಿದ್ವು. ಮುಂಜಾನೆ ಬಿಳಿ ಜೀಪಿನ್ಯಾಗ ಒಬ್ಬ ಸಾವಕಾರ ಬಂದು, ಕಾಯಿ ಒಡದು, ಅತ್ತು, ಒಂದನ್ನ ಪ್ರಸಾದ ಅಂತ ಬೇಡಿ ತಗೊಂಡ.”

ನಮ್ಮ ಕಡೆ ಎಷ್ಟು ಸಾವಕಾರ್ರೋ ಅಷ್ಟು ಜೀಪು. ನಾ ಆ ಮಾತು ಅಲ್ಲೇ ಬಿಟ್ಟೆ. ಎಂಥಾ ಗೂಬಿ ನಾನು.

ಅಕ್ಕೋರು ಅಷ್ಟೊತ್ತಿಗೆ ಎತ್ತನ್ನ ಬೋರಲ ಮಾಡಿದ್ರು. ಕಾಲ ಕೆಳಗ ಹಲಗಿ ಹಂಗ ತೆಳ್ಳಗ ಮಣ್ಣು ತಟ್ಟಿತ್ತು. ಅದರ ತಳಕ್ಕ ಕರ್ರನ್ನ ಗೀಟು ಗೀಟು. ಚೀಲದಾಗಿಂದ ಸಣ್ಣ ಕನ್ನಡಿ ತಗದು ಅದರ ಮುಂದ ಹಿಡದ್ರು.

“ಓದ್ರಿ.”

ಪೇಪರಿನ ಅಕ್ಷರ. ಮಾಡಿದಾಂವ ಹಸಿ ಎತ್ತನ್ನ ಪೇಪರಿನ ಮ್ಯಾಲ ಆರಾಕ ಇಟ್ಟಿದ್ದ. ಎಣ್ಣಿ ಕುಡದ ಮಣ್ಣು ಶಾಯಿ ಹೀರಿಕೊಂಡಿತ್ತು, ತಿರುಗಾ ಮುರುಗಾ. ಕನ್ನಡ್ಯಾಗ ನೆಟ್ಟಗ ಕಾಣತಿತ್ತು. ಬುಧವಾರ, ಜೂನ್ ೨೪, ೧೯೮೭.

ಶೆಡ್ಡು ಸುಟ್ಟದ್ದು ಜೂನ್ ಹದಿನೈದಕ್ಕ.

ಸತ್ತ ಒಂಬತ್ತು ದಿನಕ್ಕ ಗೋಣೆಪ್ಪನ ಹೆಬ್ಬಟ್ಟು ಎತ್ತು ಮಾಡಿತ್ತು. ಅಂವ ಬದಿಕಿದ್ದ. ಹಂಗಾದ್ರ ಗೋಣೆಪ್ಪ ಅಂತ ಬರಕೊಂಡು ನಾವು ಮಣ್ಣು ಮಾಡಿಸಿದ್ದು ಯಾರನ್ನ?

“ಅಂವ ಬಂದು ನಿಂತ್ರ ಸಾಕು,” ಅಂದ್ರು ಅಕ್ಕೋರು. “ಮಜೀದ ಮನಿಗೆ ಬರತಾನ.”

ದುರಗವ್ವನ ಮನಿ ಕುಂಬಾರ ಓಣ್ಯಾಗ ಕಡೇದು. ಒಳಗ ಹೋದಾಗ ಆಕಿ ಒಲಿ ಮುಂದ ಕುಂತಿದ್ಲು. ಹಣಿ ಬೋಳು, ಕೈ ಬೋಳು. ನನ್ನ ಖಾಕಿ ನೋಡಿ ಎದ್ದು ಗ್ವಾಡಿಗೆ ಆತ್ಲು. ಅಕ್ಕೋರ ಕೈಯಾಗಿನ ಎತ್ತು ನೋಡಿ ಸೆರಗು ಬಾಯಿಗೆ ಹಿಡ್ಕೊಂಡ್ಲು.

“ಇದನ್ನ ಮಾಡಿದವ್ರು ಯಾರವ್ವಾ?” ಅಕ್ಕೋರು ಕೇಳಿದ್ರು.

“ನಾನ ಮಾಡೇನ್ರಿ.”

“ನಿನ್ನ ಹೆಬ್ಬಟ್ಟು ತೋರ್ಸು.”

ಆಕಿ ಕೈ ಮುಷ್ಟಿ ಮಾಡಿ ಸೆರಗಿನ್ಯಾಗ ಮುಚ್ಚಿದ್ಲು. ನಾ ಬಾಯಿ ತಗ್ಯೂದ್ರಾಗಿದ್ದೆ. ಅಕ್ಕೋರು ನನ್ನ ಕಡೆ ಒಮ್ಮೆ ನೋಡಿದ್ರು, ನಾ ಬಾಯಿ ಮುಚ್ಚಿದೆ.

“ದುರಗವ್ವಾ, ನಾ ಪೊಲೀಸ ಅಲ್ಲ. ಶೆಡ್ಡಿಗೆ ವೈರ್ ಎಳದಾಂವ ಮಜೀದ, ನನ್ನ ತಮ್ಮ. ನಿನ್ನ ಗಂಡನ್ನ ಸುಟ್ಟಾಂವ ಅಂತ ಅವನ್ನ ನಾಳೆ ಜೈಲಿಗೆ ಒಯ್ತಾರ. ನೀ ಸುಮ್ನಿದ್ರ ಅಂವ ಹೊಳ್ಳಿ ಬರೂದಿಲ್ಲ.”

“ನಮಗ ಡಬ್ಬಿ ಕೂಡ್ಸಿ ಕೊಟ್ಟ ಆ ಹುಡುಗನ?” ದುರಗವ್ವ ಕೆಳಗ ಕುಂತ್ಲು. “ಅವನ್ನ ಹಿಡದಾರಂತ ನನಗ ಯಾರೂ ಹೇಳಿಲ್ರಿ. ದೇವರಾಣಿ ಹೇಳಿಲ್ಲ.”

ಬಾಳ ಹೊತ್ತು ಆಕಿ ಎತ್ತಿನ ಮೈ ಸವರಿದ್ಲು. ಆಮ್ಯಾಲ ಹೇಳಾಕ ಸುರು ಮಾಡಿದ್ಲು.

ಆಕಿ ದವಾಖಾನ್ಯಾಗ ಆಯಾ. ಗಾಯಾ ತೊಳಿಯೋ ಔಷಧದ ಖಾಲಿ ಬಾಟ್ಲಿ ತೊಳದ ನೀರು ಮನಿಗೆ ತರತಿದ್ಲು, ನೆಲಾ ಒರಸಾಕ. ಎರಡು ವರ್ಷದ ಹಿಂದ ಒಂದಿನ ಅದು ಕೈ ಜಾರಿ ಗಂಡನ ಮಣ್ಣು ಕದಡಿದ ಕೊಡಕ್ಕ ಬಿತ್ತು. ಹುಳಿ ಬಿದ್ದ ಹಾಲಿನ ಹಂಗ ಮಣ್ಣು ಒಡದು ತಳಕ್ಕ ಕುಂತಿತು. ತಿಗರಿ ಮ್ಯಾಲ ಇಟ್ರ ಏಳಲಿಲ್ಲ, ನೀರು ಹಾಕಿದ್ರ ಕುಡೀಲಿಲ್ಲ. ಗೋಣೆಪ್ಪ ಹೇಣ್ತಿಗೆ ಹೊಡ್ಯಾಕ ಹೋದಾಂವ ಕೈ ತಡದು ಆ ಮಣ್ಣನ್ನ ಮೂರು ದಿನ ನೋಡ್ಕೋತ ಕುಂತ. ನಾಕನೇ ದಿನಾ ಒಣಗಿಸಿ ಕುಟ್ಟಿ ಶೆಡ್ಡಿಗೆ ಒಯ್ದು ಮಶೀನಿನ ಬಾಯಿಗೆ ಹಾಕಿದ.

ನೆಲಾ ಒರಸೋ ನೀರು, ಕೆರಿ ಮಣ್ಣು. ಅದರಿಂದ ಬೆಂಕಿಗೆ ತಡದು ನಿಲ್ಲೋ ಡಬ್ಬಿ. ನಾ ಈ ಮನಿ ಮೂಲಿ ಮೂಲಿ ನೋಡಿದೆ. ಒಂದು ತಿಗರಿ, ಎರಡು ಕೊಡ, ಒಂದು ಒಳ್ಳು. ಇಷ್ಟರಾಗ ಇಷ್ಟು ದೊಡ್ಡದು ಹುಟ್ಟಿತಲ್ಲ.

“ಬೆಂಕಿ ಹತ್ತಿದ ದಿನ ಏನಾತು?” ಅಕ್ಕೋರು ಕೇಳಿದ್ರು.

“ಸಂಜಿ ಮುಂದ ಯಾರೋ ಗುರ್ತಿಲ್ಲದಾಂವ ಚಿಮಣಿ ಎಣ್ಣಿ ಡಬ್ಬಿ ತಗೊಂಡು ಒಳಗ ಬಂದು ಬಾಗಲದಾಗ ಸುರದು ಕಡ್ಡಿ ಕೊರದ್ನಂತ್ರಿ. ಹೊಳ್ಳಿ ಓಡೂದ್ರಾಗ ಬಾಗಲಾ ಹೊರಗಿಂದ ಹಾಕಿತ್ತು. ಅಂವ ಬಡದು ಬಡದು ಅಲ್ಲೇ ಬಿದ್ದ. ನಮ್ಮವ್ರು ಮಶೀನ್ ಹತ್ತಿ ಹಂಚು ತಗದು ಹಾರಿದ್ರು. ಕೈ ಸುಟ್ಟಾವ. ಹಾಕಿದವ್ರು ಯಾರಂತ ನೋಡಿಲ್ಲ. ಸತ್ತೀನಿ ಅಂದ್ರ ಅನ್ಲಿ, ನೀ ಹೂಂ ಅನ್ನು ಅಂತ ಹೇಳಿ ಹಿರೇಕೆರೂರಿಗೆ ಹೋದ್ರು, ನಮ್ಮಣ್ಣ ಬೀರಪ್ಪನ ಇಟ್ಟಂಗಿ ಭಟ್ಟಿಗೆ. ಆ ಮಣ್ಣು ಹದಾ ಮಾಡತಿದ್ದದ್ದೂ ಅಲ್ಲೇ.”

“ಎತ್ತು?”

“ಅಮಾಸಿ ಹಿಂದಿನ ದಿನಾ ಅಣ್ಣನ ಕೈಲೆ ಕಳಿಸಿದ್ರು. ಈ ಮನಿ ಎತ್ತು ಯಾವತ್ತೂ ಅವರ ಮಾಡೂದ್ರಿ. ಕೈ ಸುಟ್ಟರೂ ಮಾಡ್ಯಾರ. ಕುಂಕುಮ ಅಳಿಸು ಅಂದ್ರು, ಅಳಿಸಿದೆ. ಬಳಿ ಒಡಿ ಅಂದ್ರು, ಒಡದೆ. ಅವರ ಎತ್ತು ಪೂಜಿ ಮಾಡದ ಬಿಡೂದು ನನ್ನ ಕೈಲೆ ಆಗಲಿಲ್ಲ. ಗಂಡ ಬದಿಕಿರೂ ಮನ್ಯಾಗ ಹಬ್ಬ ಹೆಂಗ ಬಿಡ್ಲಿ?”

ಅಕ್ಕೋರು ಆಕಿ ಬೋಳು ಕೈ ಹಿಡ್ಕೊಂಡ್ರು.

“ಈಗ ಚಿಂತಿಲ್ಲ ಬಿಡ್ರಿ,” ಅಂದ್ಲು ದುರಗವ್ವ ಕಣ್ಣು ಒರಸ್ಕೊಂಡು. ಮೊದಲನೇ ಸಲ ಮುಖದಾಗ ನಗಿ ಬಂತು. “ನಿಮ್ಮ ತಮ್ಮನೂ ಬಿಡಗಡಿ ಆಗತಾನ. ಸಾವಕಾರ್ರು ಮುಂಜಾನೆ ಇಲ್ಲಿಗೆ ಬಂದಿದ್ರು. ಕೆರ್ಯಾಗಿನ ಎತ್ತು ನೋಡಿದ ಕೂಡ್ಲೆ ನಮ್ಮವ್ರು ಬದಿಕ್ಯಾರ ಅಂತ ಅವರಿಗೆ ತಿಳದೈತಿ. ಸಣ್ಣ ಹುಡುಗನ ಹಂಗ ಅತ್ರು. ಗೋಣೆಪ್ಪನ್ನ ನಾ ಕಾಪಾಡತೇನಿ ಅಂದ್ರು. ನಾ ಭಟ್ಟಿ ದಾರಿ ಹೇಳೇನಿ. ನಮ್ಮವ್ರು ಯಾರನ್ನೂ ನಂಬೂದಿಲ್ಲ, ಅದಕ್ಕ ನಿಮ್ಮ ಕೈಯಾಗಿನ ಎತ್ತನ್ನ ತೋರ್ಸ್ರಿ, ದುರಗಿ ಕಳಿಸ್ಯಾಳ ಅನ್ರಿ, ಅದನ್ನ ನೋಡಿದ್ರ ಜೀಪ್ ಹತ್ತತಾರ ಅಂದೆ.”

ಅಕ್ಕೋರ ಕೈ ಸಡ್ಲಾತು.

ನನಗ ಕಣ್ಣ ಮುಂದ ಬಂದದ್ದು ಒಂದು ಬೀಗ. ಬೂದ್ಯಾಗ ಸಿಕ್ಕಿತ್ತು, ಮುರದ ಚಿಲಕದ ಜೋಡಿ. ಪಂಚನಾಮಾದಾಗ ಬರೇ ‘ಬೀಗ ಒಂದು’ ಅಂತ ಬರದಿದ್ದೆ. ತಗದಿತ್ತೋ ಹಾಕಿತ್ತೋ ಬರದಿದ್ದಿಲ್ಲ, ಯಾರೂ ಕೇಳಿದ್ದಿಲ್ಲ. ಹಾಕಿತ್ತು.

“ಶೆಡ್ಡಿನ ಬೀಗದ ಕೀಲಿ ಯಾರ ಕಡೆ ಇರತಿತ್ತವ್ವಾ?”

“ಒಂದ ಕೀಲಿ ಇತ್ರಿ. ಸಾವಕಾರ್ರು ಅದನ್ನ ತಮ್ಮ ಉಡದಾರಕ್ಕ...”

ಆಕಿ ನನ್ನ ಮುಖಾ ನೋಡಿದ್ಲು, ಅಕ್ಕೋರ ಮುಖಾ ನೋಡಿದ್ಲು. ನಗಿ ಇನ್ನೂ ತುಟಿ ಮ್ಯಾಲ ಇತ್ತು, ಕಣ್ಣಾಗಿಂದ ಹೋಗಿತ್ತು.

“ಜೀಪು ಎಷ್ಟೊತ್ತಿಗೆ ಹೋತು?” ಅಕ್ಕೋರು ಕೇಳಿದ್ರು.

“ಹತ್ತಕ್ಕ್ರಿ.”

“ಗಡಿಯಾರ ನೋಡ್ರಿ ಹವಾಲ್ದಾರ್ರ.”

ಹನ್ನೊಂದೂ ಮುಕ್ಕಾಲಾಗಿತ್ತು. ಹಿರೇಕೆರೂರಿಗೆ ಜೀಪಿನ ದಾರಿ ಎರಡೂವರಿ ತಾಸು. ಉಳದದ್ದು ಮುಕ್ಕಾಲು ತಾಸು. ಊರಾಗ ಫೋನು ಒಂದ, ಪೋಸ್ಟ್ ಆಫೀಸಿನ್ಯಾಗ. ಹಿರೇಕೆರೂರಿನ ಠಾಣೆಗೆ ಫೋನು ಹಚ್ಚಾಕ ನಾ ಬೂಟು ಹಾಕ್ಕೊಳ್ಳದ ಓಡಿದೆ. ಹಿಂದ ದುರಗವ್ವ ಎತ್ತನ್ನ ಎದಿಗೆ ಅವಚಿ ಹಿಡದು, “ನಾನ ದಾರಿ ಹೇಳೇನ್ರಿ, ನಾನ ದಾರಿ ಹೇಳೇನಿ,” ಅನ್ಕೋತ ಓಡಿ ಬರಾಕತ್ತಿದ್ಲು.